60 ಲಕ್ಷ ಲಾಭ, 15 ಲಕ್ಷ ಲಾಭಾಂಶ: ಶಿರಸಿಯ ಒಂದು ಕಂಪನಿಯೊಳಗಿನ ಲೆಕ್ಕ

2024–25ರ ಹಣಕಾಸು ವರ್ಷದಲ್ಲಿ ನಮ್ಮ ಕಂಪನಿ ತೆರಿಗೆ ಕಳೆದು ಸುಮಾರು 60 ಲಕ್ಷ ರೂಪಾಯಿ ಲಾಭ ಗಳಿಸಿತು. ಷೇರುದಾರರಿಗೆ ಹಂಚಿದ್ದು 15 ಲಕ್ಷ. ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ನಾನು ಮಹಾಸಭೆಯಲ್ಲಿಯೂ ಕೇಳಿಸಿಕೊಂಡಿದ್ದೇನೆ, ಮದುವೆ ಮನೆಗಳ ಊಟದ ಪಂಕ್ತಿಯಲ್ಲಿಯೂ ಕೇಳಿಸಿಕೊಂಡಿದ್ದೇನೆ. ನಿರ್ದೇಶಕ ಮಂಡಳಿಗೆ ಬಂದ ಮೇಲೆ ನಾನು ಪಾಲ್ಗೊಂಡ ಮೊದಲ ಲಾಭಾಂಶ ನಿರ್ಧಾರ ಅದು. ಜೂನ್ ತಿಂಗಳಲ್ಲಿ ಕರಡು ಲೆಕ್ಕಪತ್ರ ಕೈಗೆ ಬಂದಲ್ಲಿಂದ ಅಕ್ಟೋಬರಿನಲ್ಲಿ ಪಾವತಿ ಮುಗಿಯುವವರೆಗೆ ನಡೆದದ್ದನ್ನು, ಯಾವ ಅಂಕಿ ಯಾವ ಕಾರಣಕ್ಕೆ ಕರಗುತ್ತ ಹೋಯಿತು ಎಂಬುದರ ಸಹಿತ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯ ಹೊರವಲಯದಲ್ಲಿರುವ ಸಣ್ಣ ಖಾಸಗಿ ನಿಯಮಿತ ಕಂಪನಿ. ಕಾಳುಮೆಣಸನ್ನು ಶುದ್ಧಗೊಳಿಸಿ ಗ್ರೇಡ್ ಮಾಡಿ ಮಾರುವುದು ಮುಖ್ಯ ವ್ಯವಹಾರ. ಅದರ ಜೊತೆಗೆ ಬೋಳುಕಾಳು (ಬಿಳಿ ಮೆಣಸು), ಮುರುಗಲು ಸಿಪ್ಪೆ, ಬಾಳೆಕಾಯಿ ಚಿಪ್ಸ್ ಇವೆ. ಷೇರುದಾರರು ತೊಂಬತ್ತರಷ್ಟು ಮಂದಿ. ಹೆಚ್ಚಿನವರು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಿಗರು. ಕೆಲವರು ಅವರ ಮನೆಗಳಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಮಕ್ಕಳು. ಪಾವತಿಯಾದ ಷೇರು ಬಂಡವಾಳ ಒಂದೂವರೆ ಕೋಟಿ, ಅಂದರೆ 10 ರೂಪಾಯಿ ಮುಖಬೆಲೆಯ 15 ಲಕ್ಷ ಷೇರುಗಳು. 2020–21ರಲ್ಲಿ ಆದ ನಷ್ಟವನ್ನು ಮುಂದಿನ ವರ್ಷಗಳ ಲಾಭದಿಂದ ತುಂಬಿಕೊಳ್ಳುವವರೆಗೆ ಲಾಭಾಂಶದ ಮಾತೇ ಇರಲಿಲ್ಲ. ಆಮೇಲಿನ ಎರಡು ವರ್ಷ ಶೇ. 8ರಂತೆ ಕೊಟ್ಟಿದ್ದೆವು.

ಈ ಶೇಕಡಾ ಲೆಕ್ಕದ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ನಮ್ಮ ಕಡೆಯವರಿಗೆ ಸಹಕಾರಿ ಸಂಘಗಳ ಸಭೆಗಳಲ್ಲಿ ಕುಳಿತು ಅಭ್ಯಾಸವಿದೆ. ಅಲ್ಲಿ ಡಿವಿಡೆಂಡ್ ಎಷ್ಟು ಪರ್ಸೆಂಟ್ ಎಂದು ಕೇಳುವ ರೂಢಿಯೇ ಕಂಪನಿಗೂ ಬಂದಿದೆ. ಆ ಶೇಕಡಾ ಮುಖಬೆಲೆಯ ಮೇಲೆ ಲೆಕ್ಕ ಹಾಕಿದ್ದು. ಆರಂಭದಲ್ಲಿ 10 ರೂಪಾಯಿಗೆ ಷೇರು ಪಡೆದವರಿಗೆ ಶೇ. 10 ಎಂದರೆ ನಿಜಕ್ಕೂ ಶೇ. 10, ನಾಲ್ಕು ವರ್ಷಗಳ ಹಿಂದೆ ಪ್ರೀಮಿಯಂ ಸೇರಿಸಿ 40 ರೂಪಾಯಿ ಕೊಟ್ಟು ಬಂದವರಿಗೆ ಅದು ಶೇ. 2.5 ಮಾತ್ರ. ಒಂದೇ ಠರಾವಿನಿಂದ ಒಬ್ಬರು ಸಂತುಷ್ಟರಾಗಿ ಇನ್ನೊಬ್ಬರು ಮುಖ ಸಿಂಡರಿಸುವುದಕ್ಕೆ ಇದೊಂದೇ ಕಾರಣ ಸಾಕಾಗುತ್ತದೆ.

ಜೂನ್‌ನಲ್ಲಿ ಹುಬ್ಬಳ್ಳಿಯ ನಮ್ಮ ಲೆಕ್ಕಪರಿಶೋಧಕರು ಕರಡು ಪ್ರತಿಯನ್ನು ಮುಂದಿಟ್ಟು ಮೊದಲು ತೋರಿಸಿದ್ದು ಕಾನೂನಿನ ಬೇಲಿಯನ್ನು. 2013ರ ಕಂಪನಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಲಾಭಾಂಶವನ್ನು ಆ ವರ್ಷದ ಲಾಭದಿಂದಲೋ, ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿದ ಲಾಭದಿಂದಲೋ ಕೊಡಬೇಕು. ಎರಡರಲ್ಲಿಯೂ ಸವಕಳಿಯನ್ನು, ಅಂದರೆ ಯಂತ್ರ, ಕಟ್ಟಡಗಳು ಸವೆದು ಬೆಲೆ ಇಳಿಯುವ ಲೆಕ್ಕವನ್ನು, ಕಳೆದಿರಬೇಕು, ಹಳೆಯ ನಷ್ಟ ಉಳಿದಿದ್ದರೆ ಅದನ್ನು ಮೊದಲು ತೀರಿಸಿರಬೇಕು. ಕೈಗೆ ಬಾರದ, ಕಾಗದದ ಮೇಲಷ್ಟೇ ಕಾಣುವ ಗಳಿಕೆಯನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಮ್ಮ ಗೋದಾಮು ಇರುವ ಜಾಗದ ಬೆಲೆ ಹತ್ತು ವರ್ಷಗಳಲ್ಲಿ ಎಷ್ಟೋ ಪಟ್ಟು ಏರಿದೆ, ಅದನ್ನು ಮರುಮೌಲ್ಯಮಾಪನ ಮಾಡಿಸಿ ಲಾಭ ತೋರಿಸಬಾರದೇಕೆ ಎಂದು ಒಬ್ಬ ಷೇರುದಾರರು ಪತ್ರ ಬರೆದಿದ್ದರು. ಮರುಮೌಲ್ಯಮಾಪನ ಮಾಡಿಸಬಹುದು, ಆದರೆ ಅದರಿಂದ ಏರಿದ ಮೊತ್ತದಲ್ಲಿ ಒಂದು ರೂಪಾಯಿಯನ್ನೂ ಹಂಚಲಾಗದು. ಗೋದಾಮಿನಲ್ಲಿರುವ ಮೆಣಸಿನ ದರ ಏರಿದ್ದಕ್ಕೂ ಹೀಗೆಯೇ: ದಾಸ್ತಾನನ್ನು ಕೊಂಡ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ದರ ಬಿದ್ದರೆ ಆ ವರ್ಷವೇ ನಷ್ಟ ಬರೆಯಬೇಕು, ಏರಿದರೆ ಮಾರುವವರೆಗೆ ಕಾಯಬೇಕು. ತೋಟಿಗರಾದ ನಮಗೆ ಇದು ಅನ್ಯಾಯದಂತೆ ಕಂಡರೂ, ಮೆಣಸಿನ ಪೇಟೆಯ ಏರಿಳಿತ ನೋಡಿದವರು ಈ ನಿಯಮವನ್ನು ಬಯ್ಯಲಾರರು.

ಮೀಸಲು ನಿಧಿಯ ಬಗ್ಗೆ ಹಿರಿಯ ನಿರ್ದೇಶಕರೊಬ್ಬರಿಗೆ ಹಳೆಯ ನೆನಪಿತ್ತು. 1956ರ ಕಾಯ್ದೆಯ ಕಾಲದಲ್ಲಿ ಶೇ. 10ಕ್ಕಿಂತ ಹೆಚ್ಚು ಲಾಭಾಂಶ ಕೊಡುವ ಕಂಪನಿ ತನ್ನ ಲಾಭದ ಒಂದು ಪಾಲನ್ನು ಕಡ್ಡಾಯವಾಗಿ ಮೀಸಲಿಗೆ ಹಾಕಬೇಕಿತ್ತು. ಈಗಿನ ಕಾಯ್ದೆ ಅದನ್ನು ಕಂಪನಿಯ ಇಚ್ಛೆಗೆ ಬಿಟ್ಟಿದೆ. ಸಂಪ್ರದಾಯದಂತೆ ಹತ್ತಿಪ್ಪತ್ತು ಲಕ್ಷವನ್ನು ಸಾಮಾನ್ಯ ಮೀಸಲಿಗೆ ವರ್ಗಾಯಿಸೋಣ ಎಂದು ಅವರು ಸೂಚಿಸಿದಾಗ ಲೆಕ್ಕಪರಿಶೋಧಕರು ತಡೆದರು. ಒಮ್ಮೆ ಮೀಸಲಿಗೆ ಹಾಕಿದ ಹಣವನ್ನು ಲಾಭ ಸಾಲದ ವರ್ಷದಲ್ಲಿ ಲಾಭಾಂಶಕ್ಕಾಗಿ ತೆಗೆಯಬೇಕಾದರೆ ಲಾಭಾಂಶದ ಕುರಿತ 2014ರ ನಿಯಮಗಳ ಷರತ್ತುಗಳು ಎದುರಾಗುತ್ತವೆ: ದರ ಹಿಂದಿನ ಮೂರು ವರ್ಷಗಳ ಸರಾಸರಿಯನ್ನು ಮೀರಬಾರದು, ತೆಗೆಯುವ ಮೊತ್ತ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲುಗಳ (ಲಾಭಾಂಶಕ್ಕೆ ಬಳಸಬಹುದಾದ ಮೀಸಲುಗಳ) ಒಟ್ಟು ಮೊತ್ತದ ಹತ್ತನೇ ಒಂದನ್ನು ಮೀರಬಾರದು, ತೆಗೆದ ಮೇಲೂ ಮೀಸಲು ಪಾವತಿಯಾದ ಬಂಡವಾಳದ ಶೇ. 15ಕ್ಕಿಂತ ಕೆಳಗಿಳಿಯಬಾರದು. ಅದೇ ಹಣವನ್ನು ಲಾಭ–ನಷ್ಟ ಖಾತೆಯ ಶಿಲ್ಕಾಗಿಯೇ ಉಳಿಸಿಕೊಂಡರೆ ಈ ತೊಡಕಿಲ್ಲ. ನಾವು ಹಾಗೆಯೇ ಉಳಿಸಿದೆವು. ಇಡೀ ಪ್ರಕ್ರಿಯೆಯಲ್ಲಿ ನನಗೆ ದೊರೆತ ಅತ್ಯಂತ ಉಪಯುಕ್ತ ಸಲಹೆ ಇದೆಂದು ಈಗಲೂ ಅನ್ನಿಸುತ್ತದೆ.

ಕಾನೂನಿನ ದೃಷ್ಟಿಯಿಂದ ಹೀಗೆ 60 ಲಕ್ಷವನ್ನೂ ಹಂಚಲು ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ನಗದಿನಲ್ಲಿ. ನಮ್ಮ ವ್ಯವಹಾರದ ವರ್ಷವೂ ಲೆಕ್ಕಪತ್ರದ ವರ್ಷವೂ ಒಂದಕ್ಕೊಂದು ಹೊಂದುವುದೇ ಇಲ್ಲ. ಮೆಣಸಿನ ಕೊಯ್ಲು ನಡೆದು ಮಾಲು ನಮ್ಮಲ್ಲಿಗೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ತಂದವರಿಗೆ ಅಂದೇ ರೋಖು ಕೊಡಬೇಕು, ಇಲ್ಲವಾದರೆ ಚೀಲ ಪಕ್ಕದ ಅಂಗಡಿಗೆ ಹೋಗುತ್ತದೆ. ಹಾಗಾಗಿ ಮಾರ್ಚ್ 31ರಂದು ಗೋದಾಮು ತುಂಬಿರುತ್ತದೆ, ಬ್ಯಾಂಕಿನ ಖಾತೆ ಬರಿದಾಗಿರುತ್ತದೆ, ಲಾಭ ಮಾತ್ರ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕೊಂಡ ಮಾಲಿನ ಹೆಚ್ಚಿನ ಪಾಲು ಮಾರಾಟವಾಗಿ, ಹೊರಗಿನ ವ್ಯಾಪಾರಿಗಳಿಂದ ಉಧಾರಿ ವಸೂಲಾಗುವಾಗ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಮಹಾಸಭೆ ನಡೆಯುವುದು ಸರಿಯಾಗಿ ಆ ಹೊತ್ತಿಗೆ, ಅಂದರೆ ಖಾತೆಯಲ್ಲಿ ವರ್ಷದಲ್ಲೇ ಅತಿ ಹೆಚ್ಚು ಹಣ ಕಾಣುವ ದಿನಗಳಲ್ಲಿ. ನೋಡಿದವರಿಗೆ ಅಷ್ಟೂ ಹಂಚಬಹುದಾದ ಹಣವೆಂದೇ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಮುಂದಿನ ಫೆಬ್ರವರಿಯ ಖರೀದಿಗೆ ಬೇಕಾದ ಹಣ.

ಆದ್ದರಿಂದ ನಾವು ಲಾಭದ ಅಂಕಿಯನ್ನು ಬದಿಗಿಟ್ಟು, ವರ್ಷದಲ್ಲಿ ಕೈಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆದು ನೋಡಿದೆವು. ಲಾಭ 60 ಲಕ್ಷ. ಸವಕಳಿ 18 ಲಕ್ಷ. ಅದು ಲೆಕ್ಕದಲ್ಲಿ ಖರ್ಚಾದರೂ ಹಣವಾಗಿ ಹೊರಹೋಗುವುದಲ್ಲವಾದ್ದರಿಂದ ಮರಳಿ ಸೇರಿಸಿದಾಗ 78 ಲಕ್ಷವಾಯಿತು. ಯಂತ್ರಗಳಿಗಾಗಿ ಮಾಡಿದ ಅವಧಿ ಸಾಲದ ಅಸಲಿನ ಕಂತು 24 ಲಕ್ಷ. ಬಡ್ಡಿ ಲಾಭ–ನಷ್ಟದ ಪಟ್ಟಿಯಲ್ಲಿ ಖರ್ಚಾಗಿ ಬರುತ್ತದೆ, ಅಸಲು ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮೆಣಸಿನ ದರ ಏರಿದ್ದರಿಂದ ಹಿಂದಿನ ವರ್ಷದಷ್ಟೇ ಚೀಲಗಳನ್ನು ಕೊಂಡರೂ ದಾಸ್ತಾನಿನಲ್ಲಿ ಹೆಚ್ಚಿಗೆ ಸಿಲುಕಿದ್ದು 30 ಲಕ್ಷ, ಉಧಾರಿಯಲ್ಲಿ ಹೆಚ್ಚಾದದ್ದು 8 ಲಕ್ಷ. ಎಲ್ಲ ಕಳೆದು ಉಳಿದದ್ದು 16 ಲಕ್ಷ. 60 ಲಕ್ಷ ಲಾಭದ ಕಂಪನಿಯಲ್ಲಿ ನಿಜವಾಗಿ ಕೈಬಿಡುವಾಗಿದ್ದ, ಅಂದರೆ ಬೇರೆ ಯಾವುದಕ್ಕೂ ಸಿಲುಕದೆ ಉಳಿದಿದ್ದ, ಹಣ ಇಷ್ಟೇ. ಇದರ ಮೇಲೆ 20 ಲಕ್ಷದ ಹೊಸ ಗ್ರೇಡಿಂಗ್ ಯಂತ್ರವೊಂದು ನಿರ್ಧಾರವಾಗಿತ್ತು. ಬ್ಯಾಂಕು ಮುಕ್ಕಾಲು ಪಾಲು ಕೊಟ್ಟರೂ 5 ಲಕ್ಷ ನಮ್ಮ ಕೈಯಿಂದ ಹಾಕಬೇಕಿತ್ತು. ಮಾರ್ಚ್ ಕೊನೆಗೆ ಖಾತೆಗಳಲ್ಲಿದ್ದ 23 ಲಕ್ಷದಿಂದ ಅದನ್ನು ಭರಿಸುವುದೆಂದು ಒಪ್ಪಿಕೊಂಡೆವು.

ಆಗಸ್ಟಿನ ಮಂಡಳಿ ಸಭೆಯಲ್ಲಿ ಮೂರು ಅಭಿಪ್ರಾಯಗಳು ಬಂದವು. ಲಾಭದ ಅರ್ಧ, ಅಂದರೆ 30 ಲಕ್ಷವನ್ನು ಶೇ. 20ರಂತೆ ಕೊಡಬೇಕು, ಕಡಿಮೆ ಬಿದ್ದದ್ದನ್ನು ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆಯಬಹುದು ಎಂಬುದು ಮೊದಲನೆಯದು. ದಾಸ್ತಾನಿನ ಮೇಲೆ ಬ್ಯಾಂಕು ಕೊಡುವ ಸಾಲವನ್ನು ಬಡ್ಡಿ ತೆತ್ತು ತಂದು ಷೇರುದಾರರಿಗೆ ಹಂಚುವುದನ್ನು ನಾನು ಒಪ್ಪಲಿಲ್ಲ. ಅವಧಿ ಸಾಲದ ಮಂಜೂರಾತಿ ಪತ್ರದಲ್ಲಿ ಕಂತು ಬಾಕಿಯಿದ್ದಾಗ ಲಾಭಾಂಶ ಕೊಡಕೂಡದೆಂಬ ಷರತ್ತೂ ಇತ್ತು. ನಮ್ಮಲ್ಲಿ ಬಾಕಿ ಇರಲಿಲ್ಲವಾದರೂ ಅಂಥ ಷರತ್ತಿನ ಅಂಚಿಗೆ ಹೋಗಿ ನಿಲ್ಲುವುದು ಸರಿಯೆನಿಸಲಿಲ್ಲ. ಎರಡನೆಯ ಅಭಿಪ್ರಾಯ ಬೆಂಗಳೂರಿನಲ್ಲಿರುವ ಯುವ ನಿರ್ದೇಶಕರದು: ಏನನ್ನೂ ಕೊಡದೆ ಸಾಲ ತೀರಿಸಬೇಕು, ಬೆಳೆಯುವ ಕಂಪನಿ ಹಣ ಹೊರಗೆ ಬಿಡಬಾರದು ಎಂದು. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿ 1967ರಲ್ಲಿ ಒಮ್ಮೆ ಬಿಟ್ಟರೆ ಅವರ ಕಾಲದಲ್ಲಿ ಲಾಭಾಂಶವನ್ನೇ ಕೊಡಲಿಲ್ಲ ಎಂಬ ಉದಾಹರಣೆಯನ್ನೂ ಕೊಟ್ಟರು. ಮೂರನೆಯದು, ಹಣದ ಬದಲು ಬೋನಸ್ ಷೇರು (ಇದ್ದವರಿಗೇ ಉಚಿತವಾಗಿ ಕೊಡುವ ಹೊಸ ಷೇರು) ಕೊಡೋಣ ಎಂಬುದು. ಇದು ಬೇಗ ಮುಗಿಯಿತು. ಲಾಭಾಂಶಕ್ಕೆ ಬದಲಾಗಿ ಬೋನಸ್ ಷೇರು ಕೊಡುವಂತಿಲ್ಲವೆಂದು ಕಾಯ್ದೆಯ 63ನೇ ಕಲಮೇ ಹೇಳುತ್ತದೆ.

ಯುವ ನಿರ್ದೇಶಕರ ವಾದಕ್ಕೆ ಉತ್ತರ ಹುಡುಕುತ್ತಿದ್ದಾಗಲೇ ನಾನು ಈ ವಿಷಯದ ಹಳೆಯ ಚರ್ಚೆಗಳನ್ನು ಓದಿದ್ದು. ಅರ್ಥಶಾಸ್ತ್ರಜ್ಞರಾದ ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಲಿಯಾನಿ 1961ರಲ್ಲಿ, ತೆರಿಗೆಯೂ ವ್ಯವಹಾರ ವೆಚ್ಚವೂ ಇಲ್ಲದ ಆದರ್ಶ ಪೇಟೆಯಲ್ಲಿ ಲಾಭಾಂಶ ಎಷ್ಟೆಂಬುದು ಕಂಪನಿಯ ಮೌಲ್ಯವನ್ನು ಬದಲಿಸುವುದಿಲ್ಲ ಎಂದು ತೋರಿಸಿದರು. ಹಣ ಬೇಕಾದ ಷೇರುದಾರ ತನ್ನ ಕೆಲವು ಷೇರುಗಳನ್ನು ಮಾರಿಕೊಳ್ಳಬಹುದು ಎಂಬುದು ಅದರ ಹಿಂದಿನ ತರ್ಕ. ಷೇರುಪೇಟೆಯಲ್ಲಿರುವ ಕಂಪನಿಗೆ ಇದು ಸ್ವಲ್ಪಮಟ್ಟಿಗೆ ಹೊಂದೀತು. ನಮ್ಮ ಷೇರಿಗೆ ಪೇಟೆಯೇ ಇಲ್ಲ, ಪರಭಾರೆಗೆ ಕಂಪನಿಯ ನಿಯಮಾವಳಿಯಲ್ಲಿ ನಿರ್ಬಂಧವಿದೆ, ಕೊಳ್ಳುವವರನ್ನು ಬಂಧುಬಳಗದಲ್ಲೇ ಹುಡುಕಬೇಕು. ಇಂಥ ಕಂಪನಿಯಲ್ಲಿ ಹಣ ಹೂಡಿದವರಿಗೆ ಪ್ರತಿಫಲ ಬರುವ ದಾರಿ ಲಾಭಾಂಶವೊಂದೇ. ಬರ್ಕ್‌ಷೈರ್ ಷೇರುದಾರರು ಯಾವ ದಿನ ಬೇಕಾದರೂ ಮಾರಿ ಹೊರಬೀಳಬಹುದು ಎಂದು ನಾನು ಹೇಳಿದಾಗ ಅವರು ವಾದ ಮುಂದುವರಿಸಲಿಲ್ಲ.

ದರ ಎಷ್ಟೆಂಬುದಕ್ಕೆ ದಾರಿ ತೋರಿಸಿದವರು ನಿವೃತ್ತ ಶಿಕ್ಷಕಿಯಾದ ಒಬ್ಬ ಷೇರುದಾರರು. ಊರಿನಲ್ಲಿ ಎಲ್ಲರಿಗೂ ಅವರು ಅಕ್ಕೋರು. ಸಭೆಗೆ ಮೊದಲು ಅವರ ಮನೆಗೆ ಹೋಗಿದ್ದಾಗ ಎಷ್ಟು ನಿರೀಕ್ಷಿಸುತ್ತೀರಿ ಎಂದು ಕೇಳಿದೆ. “ಕಡಿಮೆ ಕೊಟ್ರೂ ಅಡ್ಡಿಲ್ಲೆ, ಕೊಟ್ಟಿದ್ದನ್ನ ಮುಂದಿನ ವರ್ಷ ಇಳಸಡಿ” ಎಂದರು. ಜಾನ್ ಲಿಂಟ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 28 ಕಂಪನಿಗಳ ಆಡಳಿತದವರನ್ನು ಮಾತನಾಡಿಸಿ 1956ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದಕ್ಕೆ ಬಲು ಹತ್ತಿರವಾಗಿದೆ. ಕಂಪನಿಗಳು ಪ್ರತಿ ವರ್ಷ ಶೂನ್ಯದಿಂದ ಯೋಚಿಸುವುದಿಲ್ಲ. ಕಳೆದ ವರ್ಷ ಕೊಟ್ಟದ್ದನ್ನು ಬದಲಿಸಬೇಕೇ ಎಂದಷ್ಟೇ ಕೇಳಿಕೊಳ್ಳುತ್ತವೆ. ಲಾಭ ಏರಿದೊಡನೆ ಅಷ್ಟೂ ಏರಿಸದೆ, ತಾವು ಇಟ್ಟುಕೊಂಡ ಗುರಿಯ ಕಡೆಗೆ ನಿಧಾನವಾಗಿ ಸಾಗುತ್ತವೆ. ಮುಂದೆ ಇಳಿಸಬೇಕಾದೀತೆಂಬ ಅನುಮಾನವಿದ್ದರೆ ಏರಿಸುವುದೇ ಇಲ್ಲ.

ಅದರಂತೆ ನಾವು ಪ್ರಶ್ನೆಯನ್ನೇ ಬದಲಿಸಿಕೊಂಡೆವು. ಮೆಣಸಿನ ದರ ಮೂರನೇ ಒಂದು ಪಾಲು ಕುಸಿದರೆ ನಮ್ಮ ಲಾಭ 25 ಲಕ್ಷದ ಸುಮಾರಿಗೆ ಇಳಿಯುತ್ತದೆಂದು ವ್ಯವಸ್ಥಾಪಕರು ಅಂದಾಜು ಹಾಕಿದರು. ಆಗ ಷೇರಿಗೆ 2 ರೂಪಾಯಿ, ಅಂದರೆ 30 ಲಕ್ಷ, ಸಾಧ್ಯವೇ ಇಲ್ಲ. ಒಂದೂವರೆ ರೂಪಾಯಿಯಾದರೆ 22.5 ಲಕ್ಷ, ಕೊಟ್ಟರೂ ಸಾಲದ ಕಂತಿಗೆ ತತ್ವಾರವಾಗುತ್ತದೆ. 1 ರೂಪಾಯಿಯಾದರೆ 15 ಲಕ್ಷ. ಕಷ್ಟವಾದರೂ ನಡೆಯುತ್ತದೆ, ಏಕೆಂದರೆ ದರ ಇಳಿದ ವರ್ಷ ದಾಸ್ತಾನಿನಲ್ಲಿ ಸಿಲುಕುವ ಹಣವೂ ಕಡಿಮೆಯಾಗುತ್ತದೆ. ಹೀಗೆ ಶೇ. 8ರಿಂದ ಶೇ. 10ಕ್ಕೆ ಏರಿಸುವುದೆಂದು ನಿಶ್ಚಯವಾಯಿತು. ಲಾಭದ ಲೆಕ್ಕದಲ್ಲಿ ಇದು ಕಾಲು ಭಾಗ. ಆ ವರ್ಷ ಕೈಬಿಡುವಾಗಿ ಉಳಿದ 16 ಲಕ್ಷದ ಲೆಕ್ಕದಲ್ಲಿ ಬಹುತೇಕ ಎಲ್ಲವೂ. ಕಂಪನಿ ಜಿಪುಣತನ ಮಾಡಿತು ಎನ್ನುವವರಿಗೆ ನಾನು ಕೊಡುವ ಉತ್ತರ ಈ ಎರಡನೆಯ ಅಂಕಿ.

ದೊಡ್ಡ ಕಂಪನಿಗಳೂ ಅಳತೆಗೋಲನ್ನು ಮೊದಲೇ ಬರೆದಿಟ್ಟುಕೊಳ್ಳುತ್ತವೆ. ಮೌಲ್ಯದ ಲೆಕ್ಕದಲ್ಲಿ ಷೇರುಪೇಟೆಯ ಮೊದಲ 1000 ಕಂಪನಿಗಳು ಲಾಭಾಂಶ ನೀತಿಯನ್ನು ಪ್ರಕಟಿಸಬೇಕೆಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ಇನ್ಫೋಸಿಸ್ ತನ್ನ ನೀತಿಯಲ್ಲಿ ಲಾಭದ ಬದಲು ಮುಕ್ತ ನಗದು ಹರಿವನ್ನು (ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಗಳಂಥ ಖರ್ಚು ಕಳೆದು ಉಳಿಯುವುದನ್ನು) ಆಧಾರವಾಗಿಟ್ಟು, ಅದರ ಸುಮಾರು ಶೇ. 85ರಷ್ಟನ್ನು ಐದು ವರ್ಷಗಳ ಒಟ್ಟು ಲೆಕ್ಕದಲ್ಲಿ ಷೇರುದಾರರಿಗೆ ಮರಳಿಸುವುದಾಗಿ ಹೇಳಿದೆ. ಕೇಂದ್ರ ಸರ್ಕಾರದ ಉದ್ಯಮಗಳಿಗೆ 2024ರ ಮಾರ್ಗಸೂಚಿಯ ಪ್ರಕಾರ ತೆರಿಗೆ ನಂತರದ ಲಾಭದ ಶೇ. 30 ಅಥವಾ ನಿವ್ವಳ ಸಂಪತ್ತಿನ ಶೇ. 4, ಇವುಗಳಲ್ಲಿ ಹೆಚ್ಚಿನದು ಕನಿಷ್ಠ ಮಿತಿ. ನಮಗೆ ಇನ್ಫೋಸಿಸ್‌ನ ಐದು ವರ್ಷಗಳ ಕ್ರಮ ಹಿಡಿಸಿತು. ಯಾವ ಕಾನೂನೂ ಕೇಳದಿದ್ದರೂ ಒಂದು ಪುಟದ ನೀತಿಯನ್ನು ಬರೆದು, ಐದು ವರ್ಷಗಳ ಕೈಬಿಡುವಾದ ನಗದಿನ ಮುಕ್ಕಾಲು ಪಾಲನ್ನು ಗುರಿಯೆಂದು ಇಟ್ಟುಕೊಂಡೆವು. ಈ ವರ್ಷ ಆ ಗುರಿಯನ್ನು ಮೀರಿದ್ದೆವು. ದರದ ಏರಿಕೆಯಿಂದ ದಾಸ್ತಾನಿಗೆ ಹೋದ 30 ಲಕ್ಷ ಪ್ರತಿ ವರ್ಷ ಮರುಕಳಿಸುವಂಥದ್ದಲ್ಲ ಎಂಬುದು ಅದಕ್ಕೆ ಸಮಜಾಯಿಷಿ.

ತೆರಿಗೆಯ ವಿಷಯವೂ ಚರ್ಚೆಗೆ ಬಂತು. 2020ರ ಏಪ್ರಿಲ್‌ಗೆ ಮೊದಲು ಲಾಭಾಂಶ ವಿತರಣಾ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಈಗ ಪಡೆದವರ ಆದಾಯಕ್ಕೆ ಸೇರಿ ಅವರವರ ದರದಲ್ಲಿ ತೆರಿಗೆ ಬೀಳುತ್ತದೆ. ಅಡಿಕೆ ಆದಾಯಕ್ಕೆ ತೆರಿಗೆಯಿಲ್ಲವೆಂದು ನಿಶ್ಚಿಂತರಾಗಿರುವ ತೋಟಿಗರಿಗೆ ಲಾಭಾಂಶ ಕೃಷಿ ಆದಾಯವಲ್ಲ ಎಂದು ತಿಳಿಸಿ ಹೇಳಬೇಕಾಯಿತು. ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ. 10ರಷ್ಟನ್ನು ಮೂಲದಲ್ಲೇ ಕಡಿತ ಮಾಡಬೇಕು. ಈ ಮಿತಿ 2025ರ ಏಪ್ರಿಲ್‌ವರೆಗೆ 5,000 ಇತ್ತು. ನಮ್ಮಲ್ಲಿ 10,000 ಷೇರುಗಳನ್ನು ಇಟ್ಟುಕೊಂಡವರೇ ಹೆಚ್ಚು. ಷೇರಿಗೆ 1 ರೂಪಾಯಿಯಂತೆ ಅವರಿಗೆ ಸರಿಯಾಗಿ 10,000 ಬಂದು, ಮಿತಿ ಮೀರದೆ, ಕಡಿತದಿಂದ ಪಾರಾದರು. ಕಾಕತಾಳೀಯವಾದರೂ, ಎಷ್ಟೋ ಮಂದಿಯಿಂದ, ತೆರಿಗೆ ಕಡಿತ ಬೇಡವೆಂದು ಕೊಡಬೇಕಾಗಿದ್ದ 15ಜಿ ಮತ್ತು 15ಎಚ್ ನಮೂನೆ ಬರೆಸಿಕೊಳ್ಳುವ ಕೆಲಸ ಕಾರ್ಯದರ್ಶಿಗೆ ತಪ್ಪಿತು.

ಮಹಾಸಭೆ ಸೆಪ್ಟೆಂಬರ್ ಕೊನೆಯ ವಾರ ನಡೆಯಿತು. ಶೇ. 15 ಮಾಡಬೇಕೆಂದು ತಿದ್ದುಪಡಿ ಬಂತು, ಅನುಮೋದಿಸುವವರೂ ಎದ್ದರು. ಮಂಡಳಿ ಶಿಫಾರಸು ಮಾಡಿದ ದರವನ್ನು ಸಭೆ ಇಳಿಸಬಹುದು, ಏರಿಸಲಾಗದು ಎಂಬ ನಿಯಮಾವಳಿಯ ಕಲಮನ್ನು ಅಧ್ಯಕ್ಷರು ಓದಿ ಹೇಳಿದಾಗ, ಸಂಘದ ಸಭೆಗಳಲ್ಲಿ ಪಳಗಿದ ಹಿರಿಯರು ಬಹಳ ಹೊತ್ತು ಒಪ್ಪಲಿಲ್ಲ. ಮತ್ತೊಬ್ಬರು, ದುಡ್ಡಿಲ್ಲವಾದರೆ ಬದಲಿಗೆ ಮೆಣಸನ್ನೇ ಅಳೆದು ಕೊಡಿ ಎಂದು ಚಟಾಕಿ ಹಾರಿಸಿದರು. ಅದಕ್ಕೆ ಪೂರ್ವನಿದರ್ಶನವಿದೆ: ಡಚ್ ಈಸ್ಟ್ ಇಂಡಿಯಾ ಕಂಪನಿ ನಗದಿನ ಕೊರತೆಯಿಂದ 1610ರಲ್ಲಿ ತನ್ನ ಮೊದಲ ಲಾಭಾಂಶಗಳನ್ನು ಜಾಪತ್ರೆ ಮತ್ತು ಕಾಳುಮೆಣಸಿನ ರೂಪದಲ್ಲಿ ಕೊಟ್ಟಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಜಿಲ್ಲೆಯಲ್ಲಿ ಆ ಪದ್ಧತಿ ಶೋಭಿಸುತ್ತಿತ್ತೋ ಏನೋ. ಆದರೆ ನಮ್ಮ ಕಾಯ್ದೆ ಲಾಭಾಂಶವನ್ನು ಹಣದಲ್ಲೇ ಕೊಡಬೇಕೆನ್ನುತ್ತದೆ. ಶೇ. 10ರ ಠರಾವು ಪಾಸಾಯಿತು.

ಆಮೇಲಿನದು ದಿನಾಂಕಗಳ ಕೆಲಸ. ಘೋಷಿಸಿದ ಐದು ದಿನಗಳೊಳಗೆ ಇಡೀ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, 30 ದಿನಗಳೊಳಗೆ ಷೇರುದಾರರಿಗೆ ಮುಟ್ಟಿಸಬೇಕು, ತಪ್ಪಿದರೆ ಶೇ. 18ರ ಬಡ್ಡಿ, ಜೊತೆಗೆ ಗೊತ್ತಿದ್ದೂ ತಪ್ಪಿದ ನಿರ್ದೇಶಕರಿಗೆ ಎರಡು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಕೆಲವರ ಹಣ ಮರಳಿ ಬಂತು. ವಿಲೀನಗೊಂಡ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳೇ ನಮ್ಮ ದಫ್ತರದಲ್ಲಿ ಉಳಿದಿದ್ದವು. ತೀರಿಕೊಂಡ ಷೇರುದಾರರ ವಾರಸುದಾರರ ಹೆಸರಿಗೆ ಷೇರು ವರ್ಗವಾಗದ ಪ್ರಕರಣಗಳು ಹಾಗೆಯೇ ಉಳಿದವು. ಆ ಹಣವನ್ನು 30 ದಿನ ಕಳೆದ ಮೇಲೆ ಏಳು ದಿನಗಳೊಳಗೆ ಪಾವತಿಯಾಗದ ಲಾಭಾಂಶದ ಖಾತೆಗೆ ವರ್ಗಾಯಿಸಿದೆವು. ಏಳು ವರ್ಷ ಯಾರೂ ಕೇಳದಿದ್ದರೆ ಅದು ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ, ಸತತ ಏಳು ವರ್ಷ ಹಾಗಾದರೆ ಷೇರುಗಳೂ ಹೋಗುತ್ತವೆ ಎಂದು ಆ ಮನೆಗಳಿಗೆ ಪತ್ರ ಬರೆದಿದ್ದೇವೆ.

ಡಿಸೆಂಬರಿನಲ್ಲಿ ಮತ್ತೆ ಬೇಡಿಕೆ ಬಂತು. ಅರ್ಧ ವರ್ಷದ ಲಾಭ ಚೆನ್ನಾಗಿದೆ, ಮಧ್ಯಂತರ ಲಾಭಾಂಶ ಘೋಷಿಸಿ ಎಂದು ಕೆಲವರು ಸಹಿ ಹಾಕಿ ಕಳಿಸಿದರು. ಮಧ್ಯಂತರ ಲಾಭಾಂಶಕ್ಕೆ ಮಹಾಸಭೆ ಬೇಕಿಲ್ಲ, ಮಂಡಳಿಯ ತೀರ್ಮಾನ ಸಾಕು. ಖಾತೆಯಲ್ಲಿ ಹಣವೂ ಇತ್ತು. ಆದರೆ ಎರಡು ತಿಂಗಳಲ್ಲಿ ಮೆಣಸಿನ ಖರೀದಿ ಆರಂಭವಾಗುವುದಿತ್ತು. ಚೀಲ ತಂದು ಕಾಟಾದ ಮೇಲೆ ಇಡುವವರಲ್ಲಿ ಆ ಪತ್ರಕ್ಕೆ ಸಹಿ ಹಾಕಿದವರೂ ಇರುತ್ತಾರೆ, ಅವರಿಗೂ ಅಂದೇ ರೋಖು ಬೇಕು. ಬೇಡಿಕೆಯನ್ನು ಮಾರ್ಚ್ ನಂತರದ ಸಭೆಗೆ ಮುಂದೂಡಿ ನಡಾವಳಿಯಲ್ಲಿ ದಾಖಲಿಸಿದೆವು.